ಒಂದೂಕಾಲು ಹೆಜ್ಜೆಯ ಭಾವನಿಗೆ

ಭಾವ,

ನಿಮ್ಮ ಒಂದೂಕಾಲು ಪಾದಗಳಿಗೆ ನಿಮ್ಮ ಬಾಮೈದ ಶೇಖರನ ಪೂರ್ತಿ ನಮಸ್ಕಾರ.

ಮೊನ್ನೆ ಮಧ್ಯಾಹ್ನ ಕನಸಿಗೆ ಬಂದಿದ್ದಿರಿ. ಚನ್ನಗಿರಿಯ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು, ಉಂಡು, ಚಾಪೆಯ ಮೇಲೆ ಒರಗಿದ್ದೆ. ಮೇಷ್ಟರಿಗೆ ನಿದ್ದೆ ಬರುವುದು ಪಾಠಕ್ಕೆ ಮುಂಚೆಯೋ ಆಮೇಲೋ ಎಂದು ನೀವು ಕೇಳುತ್ತಿದ್ದಿರಿ. ನಡುವೆ ಮಾತ್ರ ಅದು ಹುಡುಗರ ಪಾಲು ಎಂದು ನಾನು ಹೇಳುತ್ತಿದ್ದೆ. ಕಿಟಕಿಯ ಬಿಸಿಲು ಮೆಲ್ಲಗೆ ಹೊಳೆಯ ನೀರಾಯಿತು, ನೀರಿನ ಮೇಲೆ ಮಂಜು, ಮಂಜಿನೊಳಗಿಂದ ಯಾರೋ ನಡೆದು ಬಂದರು. ನೆಟ್ಟಗೆ, ಎರಡೂ ಕಾಲನ್ನು ಸಮವಾಗಿ ಊರಿಕೊಂಡು, ಸರ್ಕಾರಿ ನೌಕರರ ಹಾಗೆ. ನಾನು ಎದ್ದು ಕೂತು, "ಯಾರು ಬೇಕಾಗಿತ್ರಿ?" ಎಂದು ಕೇಳಿಬಿಟ್ಟೆ. ನಿಮ್ಮ ಮುಖ ಇಷ್ಟೇ ಇಷ್ಟಾಯಿತು. ಎಚ್ಚರವಾದ ಮೇಲೆ ತಿಳಿಯಿತು, ಅದು ನೀವು ಎಂದು. ಆದರೆ ಭಾವ, ನಿಮ್ಮನ್ನು ನಾನು ಯಾವತ್ತು ಕಣ್ಣಿನಿಂದ ಗುರುತು ಹಿಡಿದಿದ್ದೆ? ಓಣಿಯ ತಿರುವಿನಲ್ಲಿ ಒಂದು ಗಟ್ಟಿ ಹೆಜ್ಜೆ, ಅದರ ಬೆನ್ನಿಗೆ ಮಣ್ಣು ಸವರುವ ಇನ್ನೊಂದು. ಧಪ್... ಸರ್... ಧಪ್... ಸರ್... ಅದಲ್ಲವೇ ನಿಮ್ಮ ಹೆಸರು? ಸತ್ತ ಮೇಲೆ ಕಾಲು ಸರಿಮಾಡಿಸಿಕೊಂಡು ಬಂದರೆ ನೆಂಟರು ಹೇಗೆ ಗುರುತು ಹಿಡಿಯಬೇಕು?

ಜಗಳೂರಿನಲ್ಲಿ ನಿಮ್ಮ ಮದುವೆಯಾದ ದಿನವೂ ನನಗೆ ಹೀಗೇ ಬಿಸಿಲಿನೊಳಗೆ ನೆನಪಾಗುತ್ತದೆ. ಬೇಲಿಯ ಜಾಲಿ ಕೂಡ ನೆರಳಿಗಾಗಿ ಹುಡುಕುವಂಥ ಬಿಸಿಲು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊನ್ನಾಳಿಯ ಟೈಲರ್ ರುದ್ರಪ್ಪನವರು ಬೆಲ್‌ಬಾಟಂ ಹಾಕಿಕೊಂಡು ಹಸೆಮಣೆಗೆ ಬಂದಿದ್ದಾರೆಂದು ನಮ್ಮ ಓಣಿಯ ಹುಡುಗರೆಲ್ಲ ನೋಡಲು ನುಗ್ಗಿದ್ದೆವು. ಎರಡೂ ಪಾದಗಳ ಮೇಲೆ ಲಂಗದಷ್ಟು ಅಗಲದ ಬಟ್ಟೆ. ಐದನೇ ವಯಸ್ಸಿನ ಜ್ವರದಲ್ಲಿ ಬಡಕಲಾದ ಎಡಗಾಲು ಯಾವುದು, ಊರೆಲ್ಲ ಸುತ್ತುವ ಬಲಗಾಲು ಯಾವುದು, ನಿಂತಾಗ ದೇವರಿಗೂ ಗೊತ್ತಾಗುತ್ತಿರಲಿಲ್ಲ. ಈ ಫ್ಯಾಷನ್ ಕಂಡುಹಿಡಿದವನು ಖಂಡಿತ ನಮ್ಮ ಪೈಕಿಯವನೇ ಇರಬೇಕು ಎಂದು ನೀವು ನನ್ನ ಕಿವಿಯಲ್ಲಿ ಹೇಳಿದಿರಿ. ಆವತ್ತೇ ನಾನು ನಿಮ್ಮವನಾದೆ.

ಹೆಂಗಸರು ಅಕ್ಕನನ್ನು ಬಾಗಿಲಲ್ಲಿ ಅಡ್ಡಗಟ್ಟಿ, ಗಂಡನ ಹೆಸರನ್ನು ಒಡಪಿನಲ್ಲಿ ಸೇರಿಸಿ ಹೇಳಿದರಷ್ಟೇ ಒಳಗೆ ಬಿಡುವುದಾಗಿ ಪಟ್ಟು ಹಿಡಿದಿದ್ದು ನೆನಪಿದೆಯೇ? ಅಕ್ಕ ನಾಚುತ್ತಾಳೆ, ತಡವರಿಸುತ್ತಾಳೆ ಎಂದು ನಾವೆಲ್ಲ ಕಾದೆವು. ಅವಳು ತಲೆ ಎತ್ತಿದಳು.

"ಜಗಳೂರು ಬಯಲಾಗೆ ಕುದುರೆ ಏರಿ ಬಂದೋರು ನೂರಾರು, ಒಂದೂಕಾಲಾಗೆ ನಡೆದು ನನ್ನ ಗೆದ್ದೋರು ರುದ್ರಪ್ಪನೋರು."

ಛತ್ರ ಒಂದು ಗಳಿಗೆ ಗಪ್ಪಾಯಿತು. ಮದುಮಗನ ಕುಂಟನ್ನು ಮದುಮಗಳೇ ಒಡಪಿಗೆ ಹಾಕುವುದೇ? ಅಷ್ಟರಲ್ಲಿ ನೀವು ನಕ್ಕಿರಿ. ಪೇಟ ಜಾರುವಷ್ಟು ನಕ್ಕಿರಿ. ಆಮೇಲೆ ನಗದವರು ಯಾರಿದ್ದರು? ಅವತ್ತಿನಿಂದ ನಿಮ್ಮ ಕಾಲು ನಮ್ಮ ಮನೆತನದ ಆಸ್ತಿಯಾಯಿತು. ನಾನು ಬಂದಾಗಲೆಲ್ಲ, ಕಾಲಕ್ಕೆ ತಕ್ಕಂತೆ ನಡೆಯಬೇಕು ಭಾವ ಎನ್ನುವೆ; ನೀವು, ನಾನು ಕಾಲಿಗೆ ತಕ್ಕಂತೆ ನಡೀತೀನಿ ಎನ್ನುವಿರಿ. ಅಂಗಡಿಗೆ ಬಂದ ಗಿರಾಕಿಗಳು, ಎದುರಿನ ಹೋಟೆಲಿನವರು, ಸಂತೆಗೆ ಬಂದವರು ಎಲ್ಲರಿಗೂ ಒಂದೊಂದು ಮಾತಿನ ಪಾಲು ಇರುತ್ತಿತ್ತು. ನಿಮ್ಮಿಬ್ಬರಿಗೆ ಮಕ್ಕಳಾಗಲಿಲ್ಲ; ಊರ ಮಕ್ಕಳ ಯೂನಿಫಾರಂ ಎಲ್ಲ ನೀವೇ ಹೊಲಿದಿರಿ. ಮಿಷನ್ ತುಳಿಯುವುದೂ ಆ ಬಲಗಾಲೇ, ಹೊಳೆಯ ದಂಡೆಗೆ ಸಂಜೆ ಗಾಳಿಗೆ ಒಯ್ಯುವುದೂ ಆ ಬಲಗಾಲೇ.

ಹಾಲಪ್ಪ ಮೊದಲ ಸಲ ನನಗೆ ಸಿಕ್ಕಿದ್ದು ನಿಮ್ಮ ಅಂಗಡಿಯ ಮೆಟ್ಟಿಲಲ್ಲಿ. ಸಾಸ್ವೆಹಳ್ಳಿಯಿಂದ ಪ್ರತಿ ಸಂತೆಗೂ ಬಸ್ಸಿನಲ್ಲಿ ಬರುವ ನಿಮ್ಮ ಬಾಲ್ಯದ ಗೆಳೆಯ, ಭತ್ತದ ಗದ್ದೆಯವನು, ಎರಡೂ ಕಿವಿ ಕೇಳಿಸದವನು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದ. ತನ್ನ ದನಿ ತನಗೇ ಕೇಳದ್ದರಿಂದ ಆಚೆ ದಡದವರಿಗೂ ಕೇಳುವ ಹಾಗೆ ಮಾತಾಡುತ್ತಿದ್ದ. ನಿಮ್ಮಿಬ್ಬರ ಶಾಲೆಯ ಕತೆಯನ್ನು ನೀವು ಎಷ್ಟು ಸಲ ಹೇಳಿದ್ದೀರಿ! ಮಾವಿನಕಾಯಿ ಕದ್ದಾಗ ನೀವು ಓಡಲಾರಿರಿ, ಅವನಿಗೆ ಕಾವಲುಗಾರ ಕೂಗಿದ್ದು ಕೇಳದು. ಹಾಗಾಗಿ ಅವನ ಬೆನ್ನೇರಿ ನೀವು ಕೂರುವುದು, ಬಲಗಿವಿ ಹಿಂಡಿದರೆ ಬಲಕ್ಕೆ, ಎಡಗಿವಿ ಹಿಂಡಿದರೆ ಎಡಕ್ಕೆ, ಎರಡೂ ಹಿಂಡಿದರೆ ನಿಂತುಬಿಡಬೇಕು. ಕೇಳದ ಕಿವಿಗೂ ದೇವರು ಒಂದು ಕೆಲಸ ಇಟ್ಟಿದ್ದ ಎಂದು ಹಾಲಪ್ಪ ಕಿವಿ ಸವರಿಕೊಳ್ಳುತ್ತಿದ್ದ. ನೀವು ಅವನನ್ನು ಕಿವುಡ ಎನ್ನುವಿರಿ, ಅವನು ನಿಮ್ಮನ್ನು ಕುಂಟ ಎನ್ನುವನು. ಬೇರೆ ಯಾರಾದರೂ ಅಂದರೆ ಹೊಡೆದಾಟವಾಗುವ ಮಾತು ನಿಮ್ಮ ನಡುವೆ ಎಲೆ‌ಅಡಿಕೆಯ ಹಾಗೆ ಓಡಾಡುತ್ತಿತ್ತು.

ನೀವು ಅಂಗಡಿಯ ಮೆಟ್ಟಿಲಲ್ಲಿ ಬಿದ್ದ ಸುದ್ದಿ ಕೇಳಿ ನಾನು ಚನ್ನಗಿರಿಯಿಂದ ಓಡಿ ಬಂದಾಗ ನಿಮ್ಮ ಬಲಮಂಡಿ ಹಲಸಿನ ಹಣ್ಣಿನಷ್ಟಾಗಿತ್ತು. ಎರಡು ಕಾಲಿನ ದುಡಿಮೆಯನ್ನು ಒಂದೇ ಕಾಲು ಇಷ್ಟು ವರ್ಷ ಮಾಡಿದೆ, ಸವೆದಿದೆ, ಇನ್ನು ಮಿಷನ್ ತುಳಿಯುವ ಹಾಗಿಲ್ಲ ಎಂದರು ಡಾಕ್ಟರು. ಕೆಟ್ಟ ಕಾಲು ಹೊಸದರ ಹಾಗೇ ಇದೆ, ಬಳಸಿಯೇ ಇಲ್ಲ, ಒಳ್ಳೆಯದೇ ಕೈಕೊಟ್ಟಿತು ನೋಡಿ ಎಂದು ನೀವು ಡಾಕ್ಟರನ್ನೇ ನಗಿಸಿದಿರಿ. ನಾನೂ ನಕ್ಕೆ. ಕಾಲ ಕೆಟ್ಟಿತು ಎನ್ನುವವರ ನಡುವೆ ಕಾಲು ಕೆಟ್ಟಿತು ಎನ್ನುವವರು ನೀವೊಬ್ಬರೇ ಎಂದೆ. ಎಲ್ಲರೂ ಹೋದ ಮೇಲೆ ನೀವು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಿರಿ. ಅಕ್ಕ ನಿಮ್ಮ ಬೆನ್ನು ನೋಡುತ್ತ ನಿಂತಿದ್ದಳು.

ಆ ಬೆನ್ನನ್ನು ನೋಡಿ ಅವಳು ಒಂದು ತೀರ್ಮಾನಕ್ಕೆ ಬಂದಳು. ಇವರನ್ನು ನೋಯಿಸುತ್ತಿರುವುದು ಮಂಡಿಯಲ್ಲ, ಮಾತು. ಮರುದಿನದಿಂದಲೇ ಅವಳ ಕಾನೂನು ಜಾರಿಗೆ ಬಂತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ದನಿ ತಗ್ಗಿಸಿ, ಹೋಟೆಲಿನವರಿಗೆ, ಪಕ್ಕದ ಮನೆಯವರಿಗೆ, ನನಗೆ, ಬಂದುಹೋದವರಿಗೆಲ್ಲ ಹೇಳಿದಳು: "ಇನ್ಮ್ಯಾಗೆ ಅವರ ಕಾಲಿನ ಮಾತು ಯಾರೂ ಎತ್ತಬ್ಯಾಡ್ರಿ. ವಯಸ್ಸಾಯ್ತು. ತಡ್ಕಣಾಕೆ ಆಗಲ್ಲ." ಊರು ಅವಳ ಮಾತು ನಡೆಸಿಕೊಟ್ಟಿತು. ಪ್ರೀತಿಯಿಂದಲೇ ನಡೆಸಿಕೊಟ್ಟಿತು. ಜನ ನಿಮ್ಮ ಹತ್ತಿರ ಬರುವಾಗ ದೇವಸ್ಥಾನಕ್ಕೆ ಬಂದವರ ಹಾಗೆ ಚಪ್ಪಲಿಯ ಸದ್ದು ಅಡಗಿಸಿಕೊಂಡು ಬಂದರು. ಊಟ ಆಯ್ತಾ ರುದ್ರಪ್ಪನೋರೆ, ಹುಷಾರು ರುದ್ರಪ್ಪನೋರೆ. ಅಷ್ಟೇ. ಮಿಷನ್ ಮನೆಗೆ ಬಂತು, ಅದರ ಮೇಲೆ ಹಳೆಯ ಸೀರೆ ಬಂತು. ನೀವು ಹಿತ್ತಿಲ ಗೋಡೆಗೆ ಕುರ್ಚಿ ಹಾಕಿಸಿಕೊಂಡಿರಿ. ಅಂಗಡಿಗೂ ಇಲ್ಲ, ಹೊಳೆಗೂ ಇಲ್ಲ. ಗೋಡೆಯ ಮೇಲೆ ಇರುವೆಗಳು ಸಾಲಾಗಿ ಹೋಗುತ್ತಿದ್ದವು. ಅವಕ್ಕೆ ಎಷ್ಟೊಂದು ಕಾಲು ಎಂದು ನೀವು ನೋಡುತ್ತ ಕೂತಿರುತ್ತಿದ್ದಿರಿ ಅನಿಸುತ್ತದೆ. ನಾನು ತಮಾಷೆ ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡು ಕೂರುತ್ತಿದ್ದೆ. ಹಾಸ್ಯಗಾರನಿಗೆ ಅಜೀರ್ಣವಾಗುವುದು ಹಾಗೆ.

ಒಂದು ಸಂಜೆ, ಹಿತ್ತಿಲ ಮಲ್ಲಿಗೆಯ ಬಿಳುಪು ಮಾತ್ರ ಕಾಣುವ ಹೊತ್ತಿನಲ್ಲಿ, ನೀವು ನನ್ನನ್ನು ನೋಡದೆಯೇ ಹೇಳಿದಿರಿ. "ನನ್ನ ಪಾಲಿನ ಮುಪ್ಪು ಐದನೇ ವಯಸ್ಸಿಗೇ ಬಂದು ಹೋತು ಅಂದ್ಕಂಡಿದ್ದೆ ಕಣೋ ಶೇಖರ. ಮತ್ತೆ ಬಂತಲ್ಲೋ." ಆಮೇಲೆ ನೀವೇ ಅಂದಿರಿ: "ಮಂಡಿ ಹೋದ್ರೆ ಹೋಗ್ಲಿ. ಊರಾಗೆ ಒಬ್ಬನೂ ಬೈಯಲ್ಲ, ನಗಲ್ಲ. ನಾನು ಅಷ್ಟು ಕೆಟ್ಟೀನೇನೋ?" ಅಕ್ಕ ಒಳಗೆ ದೀಪ ಹಚ್ಚುತ್ತಿದ್ದಳು. ನನಗೆ ಆ ಕ್ಷಣಕ್ಕೆ ಎಲ್ಲವೂ ಅರ್ಥವಾಯಿತು. ಆದರೆ ಅವಳ ಕಾನೂನು ಮುರಿಯುವ ಎದೆ ಅವಳ ತಮ್ಮನಿಗೆಲ್ಲಿತ್ತು? ನೀವು ಹೀಗೇ ಆ ಗೋಡೆಯೊಳಗೆ ಸ್ವಲ್ಪಸ್ವಲ್ಪವಾಗಿ ಸೇರಿಹೋಗುತ್ತೀರಿ ಎಂದು ಭಯವಾಯಿತು. ಸುಣ್ಣದ ಮೇಲೆ ನೆರಳು ಉಳಿದು, ಮನುಷ್ಯ...

ಆ ವಾರದ ಸಂತೆಗೆ ಹಾಲಪ್ಪ ಬಂದ. ಅಕ್ಕ ಅವನಿಗೂ ಬಾಗಿಲಲ್ಲೇ ಕಾನೂನು ಓದಿ ಹೇಳಿದಳು. ಸೆರಗು ಬಾಯಿಗೆ ಅಡ್ಡ, ದನಿ ಪಿಸುಪಿಸು. ಹಾಲಪ್ಪ ಗಂಭೀರವಾಗಿ ತಲೆ ಆಡಿಸಿದ. ಅವನಿಗೆ ಕಂಡದ್ದು ಸೆರಗಿನ ಅಂಚು ಮಾತ್ರ! ತುಟಿ ಕಾಣದಿದ್ದಾಗ ಹಾಲಪ್ಪ ಎಲ್ಲದಕ್ಕೂ ತಲೆ ಆಡಿಸುತ್ತಾನೆ ಎನ್ನುವುದು ಇಷ್ಟು ವರ್ಷದ ಒಡನಾಟದಲ್ಲಿ ಅಕ್ಕನಿಗೆ ಗೊತ್ತಿರಬೇಕಿತ್ತು, ಆತಂಕದಲ್ಲಿ ಮರೆತಳು. ಅವನು ನೇರ ಹಿತ್ತಿಲಿಗೆ ಬಂದ. ನಿಮ್ಮ ಕುರ್ಚಿಗೆ ಒರಗಿಸಿದ್ದ ಊರುಗೋಲನ್ನು ನೋಡಿದ. ಆಮೇಲೆ ಇಡೀ ಹೊನ್ನಾಳಿಗೆ ಕೇಳುವ ಹಾಗೆ ಅಂದ.

"ಏನಲೇ ಕುಂಟ, ಕೋಲೂ ಸೇರಿ ಮುಕ್ಕಾಲು ಆಗೀಯಲ್ಲೋ. ಇನ್ನೊಂದು ಕಾಲು ಕೂಡಿಸ್ಕಂಡ್ರೆ ಪೂರಾ ಮನುಷ್ಯ ಆಗ್ತೀಯ ನೋಡು."

ಅಕ್ಕ ಕಾಫಿಯ ಲೋಟ ಹಿಡಿದು ಹೊಸಿಲ ಮೇಲೆ ಕಲ್ಲಾದಳು. ನಾನು ಬಾವಿಯ ಕಟ್ಟೆ ಹಿಡಿದುಕೊಂಡೆ. ಆಮೇಲೆ ನಿಮ್ಮ ಹೊಟ್ಟೆಯಲ್ಲೆಲ್ಲೋ ಶುರುವಾಯಿತು ಅದು, ಹಳೆಯ ಮಿಷನ್ನಿಗೆ ಎಣ್ಣೆ ಬಿದ್ದು ಗಾಲಿ ಮೊದಲ ಸುತ್ತು ತಿರುಗಿದ ಹಾಗೆ. ಭುಜ ಕುಣಿಯಿತು, ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಮುಖವನ್ನು ಅವನ ಕಡೆ ತಿರುಗಿಸಿ, ಅವನಿಗೆ ಕಾಣುವ ಹಾಗೆ ತುಟಿಯನ್ನು ಬಿಡಿಸಿ ಬಿಡಿಸಿ ಅಂದಿರಿ, "ಬಂದೆಯೇನೋ ಕಿವುಡ, ಎಲ್ಲಿ ಸತ್ತಿದ್ಯೋ?" ಅಕ್ಕ ಲೋಟ ಕೆಳಗಿಟ್ಟು ಒಳಗೆ ಹೋದಳು. ಮರುದಿನ ಅವಳು ಹಾಲಪ್ಪನ ಮೇಲೆ ಸಿಟ್ಟಾಗಿದ್ದಳು, ನಿಮ್ಮ ನಗುವಿನ ಮೇಲೆ ಇನ್ನೂ ಸಿಟ್ಟಾಗಿದ್ದಳು. ಕಾನೂನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ನಮ್ಮ ಜಗಳೂರಿನವರು ಅಷ್ಟು ಸುಲಭಕ್ಕೆ ಸೋಲುವವರೇ?

ಮೂರು ಗಾಲಿಯ ಗಾಡಿ ಬಂದ ದಿನದ ರಂಪ ಹೇಳಬೇಕೇ? ಕೈಯಿಂದ ಪೆಡಲು ತಿರುಗಿಸಿ ಓಡಿಸುವ ಆ ಗಾಡಿಯನ್ನು ಯಾರಿಗೋ ಹೇಳಿ ಚನ್ನಗಿರಿಯಿಂದ ನಾನೇ ತರಿಸಿದ್ದೆ. ಅಕ್ಕ ಅದನ್ನು ಹೊಸಿಲು ದಾಟಲು ಬಿಡಲಿಲ್ಲ. ನೀವೂ ಅದರ ಕಡೆ ನೋಡಲಿಲ್ಲ. ನಡೆಯುವವನು ನಡೆಯುತ್ತಾನೆ, ಇಲ್ಲದಿದ್ದರೆ ಕೂರುತ್ತಾನೆ, ಈ ನಡುವಿನದು ಎಂಥದು ಎಂದಿರಿ. ಗಾಡಿಯನ್ನು ಹೊಂಗೆಮರಕ್ಕೆ ಕಟ್ಟಿದೆವು. ಹೊಂಗೆ ಹೂ ಅದರ ಮೇಲೆ ಉದುರಿತು. ಪಕ್ಕದ ಮನೆಯ ಕೋಳಿ ಸೀಟಿನಲ್ಲಿ ಕಾವು ಕೂತಿತು.

ಹಾಲಪ್ಪ ಸಂತೆಗೆ ಬರುವುದು ನಿಂತಿದ್ದು ಆಗಲೇ. ಮೊದಲು ನಾವು ಗದ್ದೆ ಕೆಲಸ ಎಂದುಕೊಂಡೆವು. ಆಮೇಲೆ ಬಸ್ಸಿನ ಕಂಡಕ್ಟರು ಸುದ್ದಿ ತಂದ: ಕಣ್ಣಿಗೆ ಪೊರೆ ಬಂದಿದೆಯಂತೆ, ಎದುರಿಗೆ ನಿಂತವರ ಮುಖವೇ ಮಬ್ಬಂತೆ, ಬೇರೆ ಬಸ್ಸು ಹತ್ತಿ ಇನ್ನೆಲ್ಲೋ ಇಳಿದಿದ್ದನಂತೆ. ನೀವು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಿರಿ. ಬೇರೆಯವರಿಗೆ ಪೊರೆ ಬಂದರೆ ಕಣ್ಣಿಗೆ ಬಂತು. ಅವನಿಗೆ? ತುಟಿ ಕಾಣದಿದ್ದರೆ ಅವನಿಗೆ ಮಾತೇ ಇಲ್ಲ. ನೀವು ಗೋಡೆ ಹುಡುಕಿಕೊಂಡು ಹೋಗಿದ್ದಿರಿ. ಅವನ ಸುತ್ತ ಗೋಡೆಯೇ ನಡೆದುಕೊಂಡು ಬಂದಿತ್ತು. ಆ ಕೋಳಿಯನ್ನು ಎಬ್ಬಿಸಿ ಎಂದಿರಿ.

ಆ ಪ್ರಯಾಣವನ್ನು ನಾನು ಕನಸಿನಲ್ಲಿ ಕಂಡೆನೋ ನಿಜದಲ್ಲೋ ಎಂದು ಈಗಲೂ ಅನುಮಾನ. ಗಾಡಿಯನ್ನು ಬಸ್ಸಿನ ಟಾಪಿಗೆ ಏರಿಸಿದೆವು. ಇದಕ್ಕೆ ಟಿಕೆಟ್ ಆಗಬೇಕು ಎಂದ ಕಂಡಕ್ಟರಿಗೆ ನೀವು ಕೇಳಿದಿರಿ, "ಎಲ್ಲಾರೂ ಕಾಲು ಒಳಗಿಟ್ಟಾರೆ, ನಾನು ಮ್ಯಾಲಿಟ್ಟೀನಿ. ಕಾಲಿಗೂ ಟಿಕೀಟು ಹರೀತೀಯೇನಪ್ಪಾ?" ಬಸ್ಸು ನಕ್ಕಿತು. ನಿಮ್ಮ ಕಾಲನ್ನು ನೋಡಿ ಜನ ನಕ್ಕು ಎಷ್ಟು ದಿನವಾಗಿತ್ತು! ಬಿಸಿಲಿಗೆ ಭತ್ತದ ಪೈರು ತೂಗುತ್ತಿತ್ತು, ಹೊಳೆ ಕಾಣಿಸುತ್ತಿತ್ತು, ಮರೆಯಾಗುತ್ತಿತ್ತು, ಮತ್ತೆ ಇನ್ನೊಂದು ತಿರುವಿನಲ್ಲಿ ಕಾದು ನಿಂತಿರುತ್ತಿತ್ತು. ಸಾಸ್ವೆಹಳ್ಳಿಯಲ್ಲಿ ಇಳಿದು ಮೊದಲ ಸಲ ಗಾಡಿ ಏರಿ, ಹಿಡಿ ತಿರುಗಿಸಿ ನೋಡಿ, ಮುಖ ಸಿಂಡರಿಸಿದಿರಿ. ಹಾಲಪ್ಪನ ಕಿವಿಯಷ್ಟು ಚೆನ್ನಾಗಿ ತಿರುಗುವುದಿಲ್ಲ ಇದು ಎಂದಿರಿ. ಹಿಡಿಗೆ ಕಟ್ಟಿದ್ದ ಗಂಟೆಯನ್ನು ಮಾತ್ರ ಬಿಡದೆ ಬಾರಿಸಿದಿರಿ.

ಹಾಲಪ್ಪ ಜಗುಲಿಯಲ್ಲಿ ಕೂತಿದ್ದ. ಅಷ್ಟು ದೊಡ್ಡ ದನಿಯವನು ಮೌನವಾಗಿದ್ದುದನ್ನು ನಾನು ನೋಡಿದ್ದು ಅದೇ ಮೊದಲು. ಯಾರೋ ಬಂದರೆಂದು ಮಾತ್ರ ತಿಳಿಯಿತೇ ಹೊರತು ಯಾರೆಂದು ತಿಳಿಯಲಿಲ್ಲ. ರೂಢಿಯಂತೆ ತಲೆ ಆಡಿಸಿದ. ನೀವು ಗಾಡಿಯನ್ನು ಜಗುಲಿಗೆ ತಾಗಿಸಿ, ಕೈ ಚಾಚಿ, ಅವನ ಬಲಗಿವಿಯನ್ನು ಹಿಂಡಿದಿರಿ. ಭಾವ, ಆ ಮುಖ! ಅವನು ಬಲಕ್ಕೆ ತಿರುಗಿದ. ಐವತ್ತು ದಾಟಿದ ಮನುಷ್ಯ, ಕಿವಿ ಹಿಂಡಿದ ಕಡೆಗೆ ತಿರುಗಿದ. ಆಮೇಲೆ ನೀವು ಅವನ ಅಂಗೈ ಬಿಡಿಸಿ, ತೋರುಬೆರಳಿನಿಂದ ಒಂದೊಂದೇ ಅಕ್ಷರ ಬರೆದಿರಿ. ನಿಧಾನಕ್ಕೆ, ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದ ಹಾಗೆ. ಅವನು ಅಕ್ಷರ ಕೂಡಿಸಿಕೊಂಡ. "ಕಿ... ವು... ಡ" ಎಂದು ಓದಿ, ಇಡೀ ಊರಿಗೆ ಕೇಳುವ ಹಾಗೆ ನಕ್ಕ.

ಅಂದಿನಿಂದ ನೀವು ಎಷ್ಟು ಸಲ ಹೋದಿರೋ. ನಾನು ರಜೆಗೆ ಬಂದಾಗ ನಿಮ್ಮಿಬ್ಬರನ್ನೂ ಹೊಳೆಯ ದಂಡೆಗೆ ಬಿಟ್ಟು, ದೂರದಲ್ಲಿ ಕೂತು ನೋಡುತ್ತಿದ್ದೆ. ನೀರಿನ ಬೆಳಕು ನಿಮ್ಮ ಮುಖಗಳ ಮೇಲೆ ಆಡುತ್ತಿತ್ತು. ಒಂದು ಬೆರಳು, ಒಂದು ಅಂಗೈ, ಮಾತೇ ಇಲ್ಲದ ಮಾತು, ಇದ್ದಕ್ಕಿದ್ದಂತೆ ಎರಡು ಜೊತೆ ಭುಜಗಳು ಕುಣಿಯುವುದು. ನ್ಯಾಮತಿಯಲ್ಲಿ ಕಣ್ಣಿನ ಆಪರೇಷನ್ ಶಿಬಿರವೆಂದಾಗ ಅವನು ಹೆದರಿ ಒಲ್ಲೆನೆಂದ; ಮಬ್ಬಾಗಿ ಇಷ್ಟಾದರೂ ಕಾಣುತ್ತದೆ, ಅದೂ ಹೋದರೆ ಎಂಬ ಭಯ. ನೀವು ಅವನ ಅಂಗೈಯಲ್ಲಿ ಬರೆದಿರಂತೆ: ನಾನು ಗಾಡಿ ಏರಿದೆ, ನೀನು ಮೇಜು ಏರು. ಅವನು ಹೊರಟ.

ಭಾವ, ಇನ್ನು ಮುಂದಿನದು ನಿಮಗೆ ಗೊತ್ತಿಲ್ಲದ್ದು.

ಹಾಲಪ್ಪನ ಕಣ್ಣಿಗೆ ಪಟ್ಟಿ ಕಟ್ಟಿದ್ದಾಗಲೇ ನೀವು ಊಟ ಮುಗಿಸಿ ಮಲಗಿದವರು ಏಳಲಿಲ್ಲ. ಮಂಡಿಯೂ ಅಲ್ಲ, ಎದೆ. ಮಣ್ಣು ಮಾಡಿದ ಮೇಲೆ ನಾನು ನ್ಯಾಮತಿಗೆ ಹೋದೆ. ಶಾಲೆಯ ಕೋಣೆಯಲ್ಲಿ ಸಾಲಾಗಿ ಚಾಪೆ, ಚಾಪೆಗೊಬ್ಬರಂತೆ ಬಿಳಿ ಪಟ್ಟಿಯ ಮುಖಗಳು, ಗೋಡೆಯ ಮೇಲೆ ಮಕ್ಕಳು ಬರೆದ ಮಗ್ಗಿ. ಅವನ ಪಕ್ಕ ಕೂತು ಅಂಗೈ ಬಿಡಿಸಿ "ರು" ಎಂದು ಬರೆದೆ. ಅವನು ಕೈ ಎಳೆದುಕೊಳ್ಳಲಿಲ್ಲ. ನನ್ನ ಬೆರಳನ್ನು ಹಿಡಿದು, ತುದಿಯನ್ನು ಸವರಿದ. ಸೂಜಿ ಚುಚ್ಚಿ ಚುಚ್ಚಿ ಗಂಟಾದ ಬೆರಳಲ್ಲ ಇದು, ಸೀಮೆಸುಣ್ಣ ಹಿಡಿದ ಮೆತ್ತನೆಯ ಬೆರಳು. "ಅವನ್ಯಾಕೆ ಬರ್ಲಿಲ್ಲ?" ಎಂದ. ಜೀವನದಲ್ಲಿ ಮೊದಲ ಸಲ ಹಾಲಪ್ಪ ಪಿಸುಮಾತಿನಲ್ಲಿ ಮಾತಾಡಿದ. ನಾನು ಮುಂದೆ ಬರೆಯಲಿಲ್ಲ. ಅವನ ಬೆರಳುಗಳನ್ನು ಮೆಲ್ಲಗೆ ಮಡಿಸಿ, ಮುಷ್ಟಿ ಮುಚ್ಚಿದೆ. ಅವನು ಆ ಮುಷ್ಟಿಯನ್ನು ಸಂಜೆಯವರೆಗೆ ಬಿಡಿಸಲಿಲ್ಲ.

ಅವನಿಗೆ ಕಣ್ಣು ಬಂತು ಭಾವ. ದಪ್ಪ ಗಾಜಿನ ಕನ್ನಡಕದಲ್ಲಿ ಈಗ ಇರುವೆಯ ಕಾಲನ್ನೂ ಎಣಿಸುತ್ತಾನೆ. ಮೊದಲ ಸಂತೆಗೆ ಬಂದವನು ಹಿತ್ತಿಲಿಗೆ ಹೋಗಿ ನಿಮ್ಮ ಕುರ್ಚಿಯನ್ನು ನೋಡಿ, ಹೊಂಗೆಮರದ ಕೆಳಗೆ ಗಾಡಿಯನ್ನು ನೋಡಿ, ಅದರ ಗಾಲಿಗೆ ಎಣ್ಣೆ ಹಾಕಿದ. ಇನ್ನೊಂದು ಸಂಗತಿ: ಅಕ್ಕನಿಗೂ ಈಗ ಮಂಡಿನೋವು. ಹೊಸಿಲು ದಾಟಲು ಬಿಡದ ಅದೇ ಗಾಡಿಯಲ್ಲಿ ಅವಳು ಸಂತೆಗೆ ಹೋಗುತ್ತಾಳೆ. ಹಾಲಪ್ಪ ಹಿಂದಿನಿಂದ ತಳ್ಳುತ್ತಾನೆ, ಮುಂದೆ ಬಾಗಿ, ತನಗೆ ಕೇಳದ ಗಂಟೆಯನ್ನು ಎಡೆಬಿಡದೆ ಬಾರಿಸುತ್ತಾನೆ. ಹೊನ್ನಾಳಿಯ ಎಮ್ಮೆಗಳೂ ದಾರಿ ಬಿಡುತ್ತವೆ.

ಕೊನೆಯ ಸುದ್ದಿ. ನನಗೆ ಮಗಳು ಹುಟ್ಟಿದಳು. ಕಳೆದ ವಾರ ಜಗಳೂರಿನಲ್ಲಿ ತೊಟ್ಟಿಲಿಗೆ ಹಾಕಿದೆವು. ಮುತ್ತೈದೆಯರೆಲ್ಲ ಸರದಿಯಂತೆ ಒಡಪು ಹೇಳಿದರು. ಅಕ್ಕನ ಸರದಿ ಬಂದಾಗ, ಅವಳನ್ನು ದಾಟಿ ಪಕ್ಕದವರ ಕಡೆ ತಿರುಗಿದರು. ಗಂಡ ಇಲ್ಲದವಳನ್ನು ಕೇಳಬಾರದೆಂಬ ಪದ್ಧತಿ, ನೋಯಿಸಬಾರದೆಂಬ ಪ್ರೀತಿ. ಆ ಮೌನ ನನಗೆ ಗುರುತು ಸಿಕ್ಕಿತು. ನಿಮ್ಮ ಹಿತ್ತಿಲಿನದೇ ಮೌನ ಅದು. ಅವಳಿಗೂ ಸಿಕ್ಕಿರಬೇಕು. ನಡುಮನೆಯ ಬಾಗಿಲಲ್ಲಿ ಹಾಲಪ್ಪ ನಿಂತಿದ್ದ. ಅಕ್ಕ ಅವನ ಕಡೆ ಮುಖ ಮಾಡಿದಳು. ಬಾಯಿಗೆ ಅಡ್ಡ ಬಂದಿದ್ದ ಸೆರಗನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ತುಟಿಯನ್ನು ಬಿಡಿಸಿ ಬಿಡಿಸಿ, ಅವನಿಗೆ ಕಾಣುವ ಹಾಗೆ, ಹೇಳಿದಳು:

"ಹೊಳೆದಂಡೆ ಮರಳಾಗೆ ಹೆಜ್ಜೆ ಮೂಡ್ಯಾವು ಒಂದೂಕಾಲು, ರುದ್ರಪ್ಪನೋರು ಮುಂದೆ ಹೋದ್ರೇನು, ಗಾಡಿ ಬಂತು ನನ್ನ ಪಾಲು."

ಮನೆ ಗಪ್ಪಾಯಿತು. ಮೊದಲು ನಕ್ಕವನು ಹಾಲಪ್ಪ. ತೊಟ್ಟಿಲಲ್ಲಿದ್ದ ನಿಮ್ಮ ಸೊಸೆ ಆ ನಗುವಿಗೆ ಬೆಚ್ಚಿ ಅತ್ತಳು. ಆಮೇಲೆ ನಗದವರು ಯಾರಿದ್ದರು?

ನಿಮಗೊಂದು ಮಾತು ಕೊಡುತ್ತೇನೆ: ಸತ್ತವರೆಂದು ನಿಮ್ಮನ್ನು ಯಾರೂ ಮೆತ್ತಗೆ ಮಾತಾಡಿಸದ ಹಾಗೆ ನೋಡಿಕೊಳ್ಳುತ್ತೇನೆ. ನೀವೂ ಒಂದು ನಡೆಸಿಕೊಡಿ. ಇನ್ನೊಂದು ಮಧ್ಯಾಹ್ನ ಬರುವಾಗ ಆ ಸರಿಯಾದ ಕಾಲುಗಳನ್ನು ಅಲ್ಲೇ ಯಾರಿಗಾದರೂ ಕೊಟ್ಟು, ನಿಮ್ಮದನ್ನೇ ಹಾಕಿಕೊಂಡು ಬನ್ನಿ. ಓಣಿಯ ತಿರುವಿನಲ್ಲಿ ಧಪ್ ಎನ್ನಲಿ, ಅದರ ಬೆನ್ನಿಗೆ ಸರ್ ಎನ್ನಲಿ. ಈ ಸಲ ಯಾರು ಬೇಕೆಂದು ಕೇಳುವುದಿಲ್ಲ.

ನಿಮ್ಮ
ಶೇಖರ